ಹೊಳೆಯ ದಂಡೆಯಿಂದ ಒಂದು ಸಣ್ಣ ರಸ್ತೆಯ ಚರಿತ್ರೆ ಬರೆಯುವ ಬಗೆ

ನಿಮ್ಮ ತಾಲೂಕಿನ ರಸ್ತೆಯೊಂದರ ಹಾದಿಯನ್ನೂ ಚರಿತ್ರೆಯನ್ನೂ ಬರೆದಿಡಬೇಕೆಂದಿದ್ದರೆ, ಮೊದಲು ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣವನ್ನು ನೋಡಬೇಕು. ಹಸಿರಿದ್ದರೆ ರಾಜ್ಯ ಹೆದ್ದಾರಿ, ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ. ದರ್ಜೆ ಏರಿದ ರಸ್ತೆಗಳಲ್ಲಿ ಬಣ್ಣ ಎದ್ದ ಕಲ್ಲಿನ ಮೇಲೆ ಹಳದಿಯ ಅಡಿಯಿಂದ ಹಸಿರು ಇಣುಕುವುದುಂಟು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾಯುವ ಇಂದಿನ 150ಎ ರಾಷ್ಟ್ರೀಯ ಹೆದ್ದಾರಿಯೂ ಹಿಂದೆ ರಾಜ್ಯ ಹೆದ್ದಾರಿಯೇ. ಆದ್ದರಿಂದ ಹಳೆಯ ಕಾಗದಗಳನ್ನು ಊರುಗಳ ಹೆಸರು ಹಿಡಿದು ಹುಡುಕಿರಿ, ಸಂಖ್ಯೆಯನ್ನು ನೆಚ್ಚಬೇಡಿ.

ರಸ್ತೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಬರವಣಿಗೆ ಆರಂಭಿಸುವುದು ಲೇಸೆಂದು ನನ್ನ ಅನುಭವ. ಗಂಗಾವತಿಯಿಂದ ಹೊಳೆದಂಡೆಯ ಆನೆಗೊಂದಿಗೆ ಬರುವ ಹತ್ತು ಹನ್ನೆರಡು ಕಿಲೋಮೀಟರಿನ ರಸ್ತೆಯನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ಈಚೆಯ ದಂಡೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆಚೆಯ ಹೊಸಪೇಟೆ, ಹಂಪಿಗಳು 1953ರವರೆಗೆ ಮದ್ರಾಸಿಗೂ ಅನಂತರ ಮೈಸೂರಿಗೂ ಸೇರಿದ್ದವು. ಹೊಳೆಯೇ ರಾಜ್ಯದ ಗಡಿಯಾಗಿದ್ದ ಕಾರಣ, ದಾಖಲೆಗಳೂ ಎರಡು ಪಾಲಾಗಿವೆ. ಈಚೆಯ ಕಡತಗಳಿಗೆ ಉರ್ದು ಓದಬಲ್ಲ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಳ್ಳಬೇಕು. ಆಚೆಯದಕ್ಕೆ 1904ರ ಇಂಗ್ಲಿಷ್ ಬಳ್ಳಾರಿ ಗ್ಯಾಸೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಗ್ರಂಥ) ಇದೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನದನ್ನು ರಾಯಚೂರು ಜಿಲ್ಲೆಯ ಹೆಸರಿನಲ್ಲಿಯೇ ಕೇಳಬೇಕು.

ಇನ್ನು ಊರುಗಳ ಹೆಸರನ್ನು ಗಮನಿಸಿರಿ. ಕಡೆಬಾಗಿಲು ಎಂಬುದು ಆನೆಗೊಂದಿ ಕೋಟೆಯ ಹೊರಬಾಗಿಲಿನಿಂದ ಬಂದ ಹೆಸರು, ಬಂಡೆಗಳ ನಡುವೆ ಆ ಬಾಗಿಲು ಇನ್ನೂ ಇದೆ. ಅಂದರೆ ವಿಜಯನಗರದ ಕಾಲದಲ್ಲಿಯೂ ದಾರಿ ಅಲ್ಲಿಯೇ ಹಾಯುತ್ತಿತ್ತು. ಗಂಗಾವತಿಯ ಸುತ್ತ 'ಕ್ಯಾಂಪ್' ಎಂದು ಮುಗಿಯುವ ಊರುಗಳು ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯಲು ಆಂಧ್ರದಿಂದ ಬಂದವರು ಕಟ್ಟಿಕೊಂಡವು, ಆದುದರಿಂದ ಅವುಗಳಿಗೆ ಹೋಗುವ ಕವಲುದಾರಿಗಳ ವಯಸ್ಸು ತಾನಾಗಿಯೇ ತಿಳಿಯುತ್ತದೆ.

ಸೇತುವೆಯ ಅಧ್ಯಾಯವನ್ನು ತೇದಿ ತಪ್ಪದಂತೆ ಬರೆಯಬೇಕು. ಆನೆಗೊಂದಿಯಿಂದ ಆಚೆ ದಂಡೆಯ ತಳವಾರಘಟ್ಟಕ್ಕೆ ಕಟ್ಟುತ್ತಿದ್ದ ಸೇತುವೆಯ ವಿವಾದದಿಂದ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂದಿತು. ಆ ಸೇತುವೆ ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಜೀವಗಳು ಹೋದವು. ಈಗ ಕಡೆಬಾಗಿಲಿನಿಂದ ಬುಕ್ಕಸಾಗರಕ್ಕೆ ಸೇತುವೆಯಿದೆ. ಬೈಕುಗಳನ್ನೂ ಹರಿಗೋಲಿನಲ್ಲಿ ದಾಟಿಸುತ್ತಿದ್ದವರನ್ನು ಬಿಡದೆ ಮಾತನಾಡಿಸಿರಿ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಹರಿಗೋಲು ನಿಂತು, ಜನ ಹುಲಿಗಿ, ಮುನಿರಾಬಾದ್ ಸುತ್ತಿ ಹೊಸಪೇಟೆಗೆ ಹೋಗುತ್ತಿದ್ದರು; ಆ ಸುತ್ತುದಾರಿಯನ್ನೂ ನಕ್ಷೆಯಲ್ಲಿ ಚುಕ್ಕೆಯ ಗೆರೆಯಿಂದ ಗುರುತಿಸಿರಿ.