ಮನೆಯ ಸರ್ವರಿನಲ್ಲಿ ಪೂಲ್ ಅಪ್‌ಗ್ರೇಡನ್ನು ನಾನು ಕೊನೆಗೆ ಇಟ್ಟುಕೊಳ್ಳುವುದೇಕೆ

ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಬೇರೆ, ಡಿಸ್ಕಿನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆಯಾದ ಫೈಲ್‌ಸಿಸ್ಟಂ ಅಪ್‌ಗ್ರೇಡ್ (ಇಲ್ಲಿ ಝಡ್‌ಎಫ್‌ಎಸ್ ಫೈಲ್‌ಸಿಸ್ಟಂ ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಮಾಡುವ ಪೂಲಿನದು) ಬೇರೆ. ಎರಡನ್ನೂ ಒಂದೇ ಸಲಕ್ಕೆ ಮುಗಿಸಿಬಿಡುವ ಆತುರ ಎಷ್ಟೇ ಇದ್ದರೂ ನಾನು ಅದಕ್ಕೆ ಮಣಿಯುವುದಿಲ್ಲ. ಮೊದಲನೆಯದು ಕೈಕೊಟ್ಟರೆ ಹಿಂದಿರುಗಲು ದಾರಿ ಇರುತ್ತದೆ. ಎರಡನೆಯದಕ್ಕೆ ಆ ಅನುಕೂಲ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ನನ್ನ ಯಂತ್ರದಲ್ಲಿರುವುದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ. ಮೊದಲು ಎಲ್ಲವೂ ಅದರ ಹಳೆಯ ಫೈಲ್‌ಸಿಸ್ಟಂ ಯುಎಫ್‌ಎಸ್ ಮೇಲಿತ್ತು. 1983ರ 4.2 ಬಿಎಸ್‌ಡಿಯ ಫಾಸ್ಟ್ ಫೈಲ್ ಸಿಸ್ಟಂನ ವಂಶಕ್ಕೆ ಸೇರಿದ ಅದರ ಬಗ್ಗೆ ನನಗೆ ಈಗಲೂ ಗೌರವವಿದೆ. ವಿದ್ಯುತ್ ಹೋಗಿ ಬಂದಾಗಲೆಲ್ಲ ಎಫ್‌ಎಸ್‌ಸಿಕೆ ಎಂಬ ತಪಾಸಣೆಯ ಪ್ರೋಗ್ರಾಂ ಇಡೀ ಡಿಸ್ಕನ್ನು ಜಾಲಾಡುವ ತನಕ ಕಾಯಬೇಕಿತ್ತು, 2012ರಲ್ಲಿ ಫ್ರೀಬಿಎಸ್‌ಡಿ 9.0 ಆವೃತ್ತಿಯೊಂದಿಗೆ ಬಂದ ಸಾಫ್ಟ್ ಅಪ್‌ಡೇಟ್ಸ್ ಜರ್ನಲಿಂಗ್ (ನಡೆಯುತ್ತಿರುವ ಬದಲಾವಣೆಗಳನ್ನು ಜರ್ನಲ್‌ನಲ್ಲಿ ಗುರುತುಹಾಕಿಡುವ ಏರ್ಪಾಡು) ಆ ಕಾಯುವಿಕೆಯನ್ನು ಬಹಳ ತಗ್ಗಿಸಿತು. ಆದರೆ ಜರ್ನಲ್ ಕಾಪಾಡುವುದು ಮೆಟಾಡೇಟಾವನ್ನು, ಅಂದರೆ ಫೈಲ್‌ಗಳ ಹೆಸರು, ಜಾಗ ಮುಂತಾದ ವಿವರಗಳನ್ನು ಮಾತ್ರ. ಹಳೆಯ ಫೋಟೊ ಒಂದರೊಳಗೆ ನಾಲ್ಕು ಬೈಟ್ ಕೆಟ್ಟಿದ್ದರೆ ಅದಕ್ಕೆ ಸುಳಿವೇ ಸಿಗುವುದಿಲ್ಲ. ಕೆಟ್ಟ ಫೋಟೊ ಬ್ಯಾಕಪ್‌ಗೂ ಹೋಗಿ ಕೂರುತ್ತದೆ. ಈ ಒಂದು ಕಾರಣಕ್ಕೆ ಝಡ್‌ಎಫ್‌ಎಸ್ ಕಡೆಗೆ ಬಂದೆ. ಅದು ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ಒಳಗಿನದು ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ, ಇಟ್ಟುಕೊಳ್ಳುತ್ತದೆ.

ಯುಎಫ್‌ಎಸ್ ಅನ್ನು ಇದ್ದಲ್ಲಿಯೇ ಝಡ್‌ಎಫ್‌ಎಸ್ ಆಗಿ ಮಾರ್ಪಡಿಸಲು ಬರುವುದಿಲ್ಲ. ಎರಡು ಹೊಸ ಡಿಸ್ಕ್ ಜೋಡಿಸಿ ಮಿರರ್ ಪೂಲ್ (ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇರುವ ಪೂಲ್) ಮಾಡಿ, ಫೈಲ್ ನಕಲಿಸುವ ಆರ್‌ಸಿಂಕ್ ಪ್ರೋಗ್ರಾಂನಿಂದ ಎಲ್ಲವನ್ನೂ ನಕಲಿಸಿದೆ. ಆಮೇಲೆ ಅದನ್ನೇ ಚೆಕ್‌ಸಮ್ ಹೋಲಿಕೆಯ ಆಯ್ಕೆಯೊಂದಿಗೆ ಮತ್ತೊಮ್ಮೆ ಓಡಿಸಿದೆ. ನಿಧಾನದ ಕೆಲಸ, ಆದರೆ ಎರಡೂ ಕಡೆಯ ಫೈಲ್‌ಗಳನ್ನು ಪೂರ್ತಿ ಓದಿ ಹೋಲಿಸುವುದರಿಂದ ಮನಸ್ಸಿಗೆ ನೆಮ್ಮದಿ. ಮೊದಲ ಸ್ಕ್ರಬ್ (ಪೂಲಿನ ಪೂರ್ತಿ ತಪಾಸಣೆ) ತಪ್ಪಿಲ್ಲದೆ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಮುಟ್ಟಲಿಲ್ಲ. ಪೂಲ್ ಕಟ್ಟುವ ಹೊತ್ತಿನಲ್ಲೇ ಖಚಿತಪಡಿಸಿಕೊಳ್ಳಬೇಕಾದ ಸಂಗತಿಯೊಂದಿದೆ: ಆಶಿಫ್ಟ್ ಮೌಲ್ಯ, ಅಂದರೆ ಸೆಕ್ಟರಿನ ಅಳತೆ 2ರ ಎಷ್ಟನೇ ಘಾತ ಎಂಬ ಸಂಖ್ಯೆ. 4096 ಬೈಟ್ ಸೆಕ್ಟರಿನ ಡಿಸ್ಕಿಗೆ ಅದು 12 ಇರಬೇಕು. ಆಮೇಲೆ ಬದಲಿಸಲಾಗುವುದಿಲ್ಲ. ಪಾರ್ಟಿಶನ್‌ಗಳಿಗೆ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ಅಂಕಿಗಳನ್ನೇ ಲೇಬಲ್ ಆಗಿ ಕೊಟ್ಟು, ಅದೇ ಅಂಕಿಗಳನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಅಂಚಿಗೆ ಅಂಟಿಸಿದ್ದೇನೆ. ಯಾವ ಡಿಸ್ಕನ್ನು ಕೀಳಬೇಕು ಎಂಬ ಪ್ರಶ್ನೆ ಎದ್ದಾಗ ಊಹೆಗೆ ಜಾಗ ಇರಬಾರದು.

ನಿರ್ವಹಣೆ ಎಂದರೆ ಮುಖ್ಯವಾಗಿ ಸ್ಕ್ರಬ್. ಪೂಲಿನಲ್ಲಿ ಬರೆದಿರುವ ಎಲ್ಲವನ್ನೂ ಓದಿ ಚೆಕ್‌ಸಮ್ ತಾಳೆ ನೋಡುವ ಕೆಲಸ ಅದು. ನಿಗದಿತ ಕಾಲಕ್ಕೆ ಕೆಲಸಗಳನ್ನು ಓಡಿಸುವ ಫ್ರೀಬಿಎಸ್‌ಡಿಯ ಪೀರಿಯಾಡಿಕ್ ವ್ಯವಸ್ಥೆಯಲ್ಲಿ ಇದನ್ನು ಚಾಲೂ ಮಾಡಿದರೆ ಬೇರೇನೂ ಹೇಳದಿದ್ದಾಗ 35 ದಿನಗಳ ಅಂತರದಲ್ಲಿ ನಡೆಯುತ್ತದೆ. ನನಗೆ ಅಷ್ಟು ಸಾಕು.

ಒಮ್ಮೆ ಸ್ಕ್ರಬ್ ಮುಗಿದ ಮೇಲೆ ಪೂಲಿನ ಸ್ಥಿತಿ ತೋರಿಸುವ ಝಡ್‌ಪೂಲ್ ಸ್ಟೇಟಸ್ ನೋಡಿದಾಗ ಒಂದು ಡಿಸ್ಕಿನ ಸಾಲಿನಲ್ಲಿ ಮಾತ್ರ ಚೆಕ್‌ಸಮ್ ಕಾಲಂ ಸೊನ್ನೆ ಬಿಟ್ಟು ಮೇಲೇರಿತ್ತು. ರೀಡ್, ರೈಟ್ ಎರಡೂ ಸೊನ್ನೆ. ಕೆಟ್ಟ ಬ್ಲಾಕ್‌ಗಳನ್ನು ಜೋಡಿ ಡಿಸ್ಕಿನ ಪ್ರತಿಯಿಂದ ಸರಿಪಡಿಸಿದ್ದಾಗಿಯೂ ವರದಿ ಇತ್ತು. ಡಿಸ್ಕ್ ಸಾಯುತ್ತಿದೆ ಎಂದು ತೀರ್ಮಾನಿಸುವ ಮುನ್ನ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ಮಾಹಿತಿ ತೆಗೆದೆ. ಬದಲಿ ಸೆಕ್ಟರ್‌ಗಳ ಲೆಕ್ಕ ಹೇಳುವ 5ನೇ ಗುಣಸೂಚಿ ಸೊನ್ನೆ, ಓದಲಾಗದೆ ಉಳಿದ ಸೆಕ್ಟರ್‌ಗಳನ್ನು ಹೇಳುವ 197 ಕೂಡ ಸೊನ್ನೆ. ಆದರೆ 199 ಏರಿತ್ತು. ಅದು ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿಯಲ್ಲಿ ಆದ ಸಾಗಣೆಯ (ಸಿಆರ್‌ಸಿ) ತಪ್ಪುಗಳ ಲೆಕ್ಕ. ಹಾಗಾಗಿ ಮೊದಲ ಅನುಮಾನ ಕೇಬಲ್ ಮೇಲೆ. ಯಂತ್ರ ನಿಲ್ಲಿಸಿ, ಡಿಸ್ಕಿನ ಸಾಟಾ ಕೇಬಲ್ ಬದಲಿಸಿ, ತಪ್ಪುಗಳ ಎಣಿಕೆ ಅಳಿಸುವ ಝಡ್‌ಪೂಲ್ ಕ್ಲಿಯರ್ ಕೊಟ್ಟು ಮತ್ತೆ ಸ್ಕ್ರಬ್ ಹಚ್ಚಿದೆ. ಈ ಬಾರಿ ಎಲ್ಲ ಕಾಲಂ ಸೊನ್ನೆ. 199ರ ಅಂಕಿ ಎಂದೂ ಇಳಿಯುವುದಿಲ್ಲ, ಅದು ಒಟ್ಟು ಲೆಕ್ಕ. ಅಲ್ಲಿಂದ ಮುಂದಕ್ಕೆ ಏರಲಿಲ್ಲ ಎನ್ನುವುದನ್ನೇ ಗಮನಿಸಬೇಕು. ಯುಎಫ್‌ಎಸ್ ಆಗಿದ್ದರೆ ಈ ಸಂಗತಿ ನನ್ನ ಗಮನಕ್ಕೆ ಬರುವಷ್ಟರಲ್ಲಿ ಎಷ್ಟು ಫೈಲ್ ಹಾಳಾಗಿರುತ್ತಿದ್ದವೋ.

ಜಾಗ ಸಾಲದೆ ದೊಡ್ಡ ಡಿಸ್ಕ್ ಹಾಕಿದ್ದು ಸುಲಭದ ಕೆಲಸ. ಹಳೆಯದನ್ನು ಕೀಳದೆ, ಖಾಲಿ ಪೋರ್ಟಿಗೆ ಹೊಸದನ್ನು ಸಿಕ್ಕಿಸಿ ರೀಪ್ಲೇಸ್ ಆಜ್ಞೆ ಕೊಡುತ್ತೇನೆ. ರಿಸಿಲ್ವರ್ (ಹೊಸ ಡಿಸ್ಕಿಗೆ ಪ್ರತಿ ತುಂಬುವ ಕೆಲಸ) ಮುಗಿಯುವವರೆಗೂ ಎರಡು ಪ್ರತಿಗಳು ಇದ್ದೇ ಇರುತ್ತವೆ. ಎರಡೂ ಡಿಸ್ಕ್ ಬದಲಾದ ಮೇಲೆ, ಪೂಲಿನ ಆಟೊಎಕ್ಸ್‌ಪ್ಯಾಂಡ್ ಆಯ್ಕೆ ಚಾಲೂ ಇದ್ದರೆ, ಜಾಗ ಹಿಗ್ಗುತ್ತದೆ.

ಇನ್ನು ಅಪ್‌ಗ್ರೇಡ್. ಹೊಸ ಆವೃತ್ತಿಗೆ ಹೋಗುವ ಮುನ್ನ ಬಿಇಸಿಟಿಎಲ್ ಆಜ್ಞೆಯಿಂದ ಒಂದು ಬೂಟ್ ಎನ್ವಿರಾನ್‌ಮೆಂಟ್, ಅಂದರೆ ಬೂಟ್ ಮಾಡಬಹುದಾದ ಈಗಿನ ಸಿಸ್ಟಂನ ಪ್ರತಿ, ಮಾಡಿಡುತ್ತೇನೆ. ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸರಿಬರದಿದ್ದರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿದರಾಯಿತು. ಅಪ್‌ಗ್ರೇಡ್ ಆದ ಕೂಡಲೇ ಝಡ್‌ಪೂಲ್ ಸ್ಟೇಟಸ್ ಒಂದು ಟಿಪ್ಪಣಿ ತೋರಿಸುತ್ತದೆ: ಪೂಲಿನಲ್ಲಿ ಕೆಲವು ಫೀಚರ್‌ಗಳು ಇನ್ನೂ ಚಾಲೂ ಆಗಿಲ್ಲ, ಪೂಲ್ ಅಪ್‌ಗ್ರೇಡ್ ಮಾಡಿ ಎಂದು. ಬಹಳ ಜನ ಇದನ್ನು ದೋಷವೆಂದು ತಿಳಿದು ತಕ್ಷಣ ಆಜ್ಞೆ ಕೊಟ್ಟುಬಿಡುತ್ತಾರೆ. ಪೂಲ್ ಆರೋಗ್ಯವಾಗಿಯೇ ಇರುತ್ತದೆ, ಆ ಸಾಲನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡಬಹುದು. ಹೊಸ ಫೀಚರ್ ಒಂದು ಸಕ್ರಿಯವಾಯಿತೆಂದರೆ ಹಳೆಯ ಕರ್ನಲ್ ಆ ಪೂಲನ್ನು ತೆರೆಯಲಾರದೆ ಹೋಗಬಹುದು. ಆಗ ಜೋಪಾನವಾಗಿ ಮಾಡಿಟ್ಟ ಬೂಟ್ ಎನ್ವಿರಾನ್‌ಮೆಂಟ್ ಹೆಸರಿಗಷ್ಟೇ ಉಳಿಯುತ್ತದೆ.

ಕಾಯುವುದಕ್ಕೆ ಇನ್ನೊಂದು ಕಾರಣ 2023ರ ಕೊನೆಯಲ್ಲಿ ಕಂಡಿತು. ಫ್ರೀಬಿಎಸ್‌ಡಿ ಬಳಸುವ ಝಡ್‌ಎಫ್‌ಎಸ್ ಆದ ಓಪನ್‌ಝಡ್‌ಎಫ್‌ಎಸ್‌ನ 2.2.0 ಆವೃತ್ತಿ ಬಂದ ಸ್ವಲ್ಪ ದಿನಕ್ಕೆ, ನಕಲಿಸಿದ ಕೆಲವು ಫೈಲ್‌ಗಳ ನಡುವೆ ಸೊನ್ನೆಗಳು ಸೇರಿಕೊಂಡ ವರದಿಗಳು ಬಂದವು. ಮೊದಲು ಅನುಮಾನ ಬಿದ್ದದ್ದು ನಕಲಿಸುವಾಗ ಬ್ಲಾಕ್‌ಗಳನ್ನು ಮತ್ತೆ ಬರೆಯದೆ ಹಂಚಿಕೊಳ್ಳುವ ಹೊಸ ಬ್ಲಾಕ್ ಕ್ಲೋನಿಂಗ್ ಫೀಚರ್ ಮೇಲೆ, 2.2.1ರಲ್ಲಿ ಅದನ್ನು ನಿಲ್ಲಿಸಿದರು. ಮೂಲ ದೋಷ ಅದಕ್ಕಿಂತ ಹಳೆಯದೆಂದು ಆಮೇಲೆ ತಿಳಿದು 2.2.2ರಲ್ಲಿ ಸರಿಪಡಿಸಿದರು. ಮನೆಯ ಸರ್ವರಿಗೆ ಹೊಸ ಫೀಚರ್ ಬೇಕೇಬೇಕು ಎನ್ನುವ ಅವಸರ ಯಾವಾಗಲೂ ಇರುವುದಿಲ್ಲ.

ಪೂಲ್ ಅಪ್‌ಗ್ರೇಡ್ ಮಾಡುವ ದಿನ ಮೊದಲು ಯಂತ್ರ ಶುರುವಾದಾಗ ಕರ್ನಲನ್ನು ಎತ್ತಿಕೊಡುವ ಬೂಟ್ ಲೋಡರ್ ನೋಡಿಕೊಳ್ಳುತ್ತೇನೆ, ಏಕೆಂದರೆ ಕರ್ನಲ್‌ಗಿಂತ ಮುಂಚೆ ಪೂಲನ್ನು ಓದಬೇಕಾದದ್ದು ಅದೇ. ಯುಇಎಫ್‌ಐ ಯಂತ್ರದಲ್ಲಿ ಹೊಸ ಲೋಡರ್ ಫೈಲನ್ನು ಇಎಫ್‌ಐ ಪಾರ್ಟಿಶನ್‌ಗೆ ನಕಲಿಸಬೇಕು. ಹಳೆಯ ಬಯೋಸ್ ಯಂತ್ರ ಆದರೆ ಜಿಪಾರ್ಟ್ ಆಜ್ಞೆಯಿಂದ ಬೂಟ್‌ಕೋಡ್ ಬರೆಯಬೇಕು. ಮಿರರಿನ ಎರಡೂ ಡಿಸ್ಕ್‌ಗಳಲ್ಲಿ ಮಾಡಬೇಕು, ಏಕೆಂದರೆ ಬೂಟ್ ಪಾರ್ಟಿಶನ್‌ಗಳನ್ನು ಝಡ್‌ಎಫ್‌ಎಸ್ ತಾನಾಗಿ ನಕಲಿಸುವುದಿಲ್ಲ. ನಂತರ ಒಂದು ಝಡ್‌ಪೂಲ್ ಚೆಕ್‌ಪಾಯಿಂಟ್. ಇಡೀ ಪೂಲನ್ನು ಆ ಕ್ಷಣಕ್ಕೆ ಮರಳಿಸಬಲ್ಲದ್ದು ಅದೊಂದೇ, ಆದರೆ ಅದರ ನಂತರ ಬರೆದದ್ದೆಲ್ಲ ಹೋಗುತ್ತದೆ. ಆದ್ದರಿಂದ ಅಪ್‌ಗ್ರೇಡ್ ಮಾಡಿ, ಎರಡೂ ಡಿಸ್ಕಿನಿಂದ ಬೂಟ್ ಆಗುವುದನ್ನು ಕಣ್ಣಾರೆ ನೋಡಿ, ಅಂದೇ ಚೆಕ್‌ಪಾಯಿಂಟನ್ನು ತೆಗೆದುಹಾಕುತ್ತೇನೆ. ಅದು ಇರುವಷ್ಟು ಹೊತ್ತು ಅಳಿಸಿದ ಫೈಲ್‌ಗಳ ಜಾಗವೂ ಬಿಡುಗಡೆಯಾಗುವುದಿಲ್ಲ.

ಬ್ಯಾಕಪ್ ಡಿಸ್ಕಿನ ಪೂಲನ್ನು ಮಾತ್ರ ಹಳೆಯ ಫೀಚರ್‌ಗಳಲ್ಲೇ ಇಟ್ಟಿರುತ್ತೇನೆ. ಝಡ್‌ಎಫ್‌ಎಸ್‌ನ ಸೆಂಡ್, ರಿಸೀವ್ ಆಜ್ಞೆಗಳ ಮೂಲಕ ಸ್ನ್ಯಾಪ್‌ಶಾಟ್‌ಗಳು (ಒಂದು ಕ್ಷಣದ ಫೈಲ್‌ಗಳ ಚಿತ್ರಣ) ಅಲ್ಲಿಗೆ ಎಂದಿನಂತೆ ಹೋಗುತ್ತವೆ, ಹಳೆಯ ಆವೃತ್ತಿಯ ಯಂತ್ರದಲ್ಲೂ ಆ ಡಿಸ್ಕ್ ತೆರೆದುಕೊಳ್ಳುತ್ತದೆ. ಅದರ ಸರದಿ ಬರುವುದು ಮುಖ್ಯ ಪೂಲ್ ಇನ್ನೊಂದು ಆವೃತ್ತಿ ದಾಟಿದ ಮೇಲೆ.