ಸೋರಿ ಜೋತುಬಿದ್ದ ಗಾರೆ ಸೀಲಿಂಗ್: ನಾನು ರಿಪೇರಿ ಮಾಡುವ ಬಗೆ

ಹಳೆ ಮನೆಯ ಸೀಲಿಂಗಿನಲ್ಲಿ ಕಂದು ಕಲೆ ಮೂಡಿದರೆ ಎಲ್ಲರ ಕಣ್ಣೂ ಕಲೆಯ ಮೇಲೇ. ನಾನು ಮೊದಲು ನೋಡುವುದು ಗಾರೆಯ ಹಿಡಿತ. ಮರದ ಪಟ್ಟಿಗಳ ಮೇಲೆ ಮೆತ್ತಿದ ಸುಣ್ಣದ ಗಾರೆ ಬರೀ ಅಂಟಿನಿಂದ ನಿಂತಿರುವುದಿಲ್ಲ. ಪಟ್ಟಿಗಳ ನಡುವಿನ 6ರಿಂದ 10 ಮಿ.ಮೀ. ಸಂದಿಯಲ್ಲಿ ತೂರಿ, ಮೇಲೆ ಹರಡಿ ಗಟ್ಟಿಯಾದ ಗಾರೆಯೇ ಕೊಕ್ಕೆಯಂತೆ ಅದನ್ನು ಹೊತ್ತಿರುತ್ತದೆ. ಗಾರೆ ನೀರು ಕುಡಿದು ಭಾರವಾದಾಗ ಮುರಿಯುವುದು ಈ ಕೊಕ್ಕೆ.

ಸೋರಿಕೆ ನಿಲ್ಲಿಸಿ, ಆ ಕೋಣೆಯ ಕರೆಂಟು ತೆಗೆದ ಮೇಲೇ ಏಣಿ ಹತ್ತುತ್ತೇನೆ. ಉಬ್ಬಿನಲ್ಲಿ ನೀರು ನಿಂತಿದ್ದರೆ ಬಕೆಟ್ ಇಟ್ಟು ಸಣ್ಣ ತೂತು ಮಾಡಿ ಇಳಿಸುತ್ತೇನೆ. ಆಮೇಲೆ ಗಾಳಿಯಾಡಲು ಬಿಡಬೇಕು, ವಾರಗಳೇ ಹಿಡಿದರೂ ಸರಿ. ಹೀಟರ್ ಇಟ್ಟು ಅವಸರ ಮಾಡಿದರೆ ಪಟ್ಟಿ ಸೊಟ್ಟಗಾಗಿ ಉಳಿದ ಕೊಕ್ಕೆಗಳೂ ಮುರಿಯುತ್ತವೆ.

ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು, ಅಂಗೈಯಿಂದ ಮೆಲ್ಲಗೆ ಮೇಲಕ್ಕೆ ಒತ್ತಿ ನೋಡುತ್ತೇನೆ. ಟೊಳ್ಳು ಸದ್ದು ಬಂದು, ಗಾರೆ ಅಲುಗಿದ ಜಾಗಕ್ಕೆ ಪೆನ್ಸಿಲ್ ಗೆರೆ. ಗಾರೆ ಪುಡಿಯಾಗದೆ ಬರೀ ಜೋತಿದ್ದರೆ ಕೆಡವುವುದಿಲ್ಲ. ಹಲಗೆಗೆ ಸ್ಪಂಜು ಹಾಸಿ, ಕೆಳಗೆ ಊರುಗೋಲು ಕೊಟ್ಟು ನಿಧಾನವಾಗಿ ಎತ್ತುತ್ತೇನೆ. ಎಷ್ಟು ಎತ್ತಿದರೂ ಕೂರದಿದ್ದರೆ, ಮುರಿದ ಕೊಕ್ಕೆಗಳ ಚೂರು ಗಾರೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಂಡಿದೆ ಎಂದೇ ಅರ್ಥ. ಬಲ ಹಾಕಿದರೆ ಹೊಸ ಬಿರುಕು ಖಂಡಿತ. ಮೇಲಿನಿಂದ ವ್ಯಾಕ್ಯೂಮಿನಲ್ಲಿ ಚೂರು ತೆಗೆದೇ ಮುಂದುವರಿಯಬೇಕು. ಕೂತ ಮೇಲೆ 15ರಿಂದ 20 ಸೆಂ.ಮೀ.ಗೊಂದು ಅಗಲ ವಾಷರ್ ಹಾಕಿದ ಸ್ಕ್ರೂ, ಸಾಧ್ಯವಾದಷ್ಟೂ ಜಂತೆಗೇ. ಪಟ್ಟಿಗೆ ಹಾಕಲೇಬೇಕಾದರೆ ಮೊದಲು ತೂತು ಕೊರೆಯಿರಿ, ಇಲ್ಲದಿದ್ದರೆ ಒಣಮರ ಸೀಳುತ್ತದೆ. ಸ್ಕ್ರೂ ತುಕ್ಕು ಹಿಡಿಯದ ಜಾತಿಯದಿರಲಿ.

ಪುಡಿಯಾದದ್ದನ್ನು ಗಟ್ಟಿ ಅಂಚು ಸಿಗುವವರೆಗೆ ಬಿಡಿಸುತ್ತೇನೆ. ಹಳೆ ಬಣ್ಣದಲ್ಲಿ ಸೀಸವಿರಬಹುದು. ಮಾಸ್ಕ್, ಕನ್ನಡಕ ಬೇಕೇ ಬೇಕು. ಕೊಳೆತ ಪಟ್ಟಿ ಬದಲಿಸಿ, ಪಟ್ಟಿಗೂ ಹಳೆ ಅಂಚಿಗೂ ನೀರು ಚಿಮುಕಿಸುತ್ತೇನೆ. ಒಣ ಮರ ಗಾರೆಯ ನೀರನ್ನು ಹೀರಿಬಿಟ್ಟರೆ ಹಿಡಿತವೇ ಬರುವುದಿಲ್ಲ. ಹೊಸ ಗಾರೆಗೆ ನೆನೆದು ಹದವಾದ ಸುಣ್ಣದ ಮುದ್ದೆ 1 ಪಾಲು, ಒರಟು ಮರಳು 3 ಪಾಲು. ಗಾರೆಯನ್ನು ಹಿಡಿದಿಡುವ ಮೇಕೆ ಕೂದಲನ್ನು ಬಳಸುವ ಹೊತ್ತಿಗೇ ಬಿಡಿಬಿಡಿಯಾಗಿ ಬೆರೆಸುತ್ತೇನೆ. ಹಸಿ ಸುಣ್ಣದಲ್ಲಿ ಬಹಳ ದಿನ ಇಟ್ಟರೆ ಕೂದಲು ಸತ್ವ ಕಳೆದುಕೊಳ್ಳುತ್ತದೆ.

ಮೊದಲ ಕೋಟು 8ರಿಂದ 10 ಮಿ.ಮೀ., ಸಂದಿಯೊಳಗೆ ತೂರುವಂತೆ ಪಟ್ಟಿಗೆ ಅಡ್ಡಲಾಗಿ ಒತ್ತಬೇಕು. ದಪ್ಪ ಹೆಚ್ಚಾದರೆ ತನ್ನ ಭಾರಕ್ಕೇ ಜಾರುತ್ತದೆ. ಬಿಗಿಯಾಗುತ್ತಿದ್ದಂತೆ ಓರೆ ಗೆರೆ ಗೀರಿ, ಹೆಬ್ಬೆರಳು ಒತ್ತಿದರೆ ತಗ್ಗು ಬೀಳದಷ್ಟು ಗಟ್ಟಿಯಾದಾಗ ಎರಡನೆಯದು, ಕೊನೆಗೆ ನುಣ್ಣನೆಯ 3 ಮಿ.ಮೀ. ಕೋಟು. ಸಿಮೆಂಟು ಬೆರೆಸುವ ಆಸೆ ಬೇಡ. ಅದರ ಬಿಗಿ ಹಳೆ ಗಾರೆಯ ಜೊತೆ ಹೊಂದದೆ ಸುತ್ತಲೂ ಬಿರುಕು ಕೊಡುತ್ತದೆ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಗ ಮುಗಿಯುತ್ತದೆ, ಆದರೆ ಮತ್ತೆ ಸೋರಿದರೆ ಮೆತ್ತಗಾಗುತ್ತದೆ.

ಉಳಿದ ಕಂದು ಕಲೆಯ ಮೇಲೆ ನೇರವಾಗಿ ನೀರಿನ ಪೇಂಟು ಹೊಡೆದರೆ ಕಲೆ ಮತ್ತೆ ಮೇಲೆ ಬರುತ್ತದೆ, ಎರಡು ಕೋಟು ಹೊಡೆದರೂ ಅಷ್ಟೇ. ಕಲೆಯಷ್ಟಕ್ಕೆ ಮಾತ್ರ ಅರಗಿನ ಪ್ರೈಮರ್ ಹಚ್ಚುತ್ತೇನೆ. ಹೊಸ ಗಾರೆಗೆ ಅದು ಬೇಡ, ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಅಲ್ಲಿಗೆ ಸುಣ್ಣದ ತಿಳಿಯೇ ಸಾಕು.