ಇಂಡಿ 500ಕ್ಕೆ ಎರಡನೇ ಕಂಟ್ರೋಲರ್ ಕಟ್ಟಿದ ಅನುಭವ

ಅಟಾರಿ 2600 ಅನ್ನುವುದು ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೊ ಗೇಮ್ ಯಂತ್ರ. ಅದರ ಡ್ರೈವಿಂಗ್ ಕಂಟ್ರೋಲರನ್ನು ಹೆಚ್ಚಿನವರು ಪ್ಯಾಡಲ್ (ಅದೇ ಯಂತ್ರದ ಇನ್ನೊಂದು ನಾಬ್ ಕಂಟ್ರೋಲರ್) ಅಂದುಕೊಳ್ಳುತ್ತಾರೆ. ಅಂಗೈಯಲ್ಲಿ ಕೂರುವ ಕಪ್ಪು ಡಬ್ಬಿ, ಮೇಲೆ ದೊಡ್ಡ ನಾಬ್, ಪಕ್ಕದಲ್ಲಿ ಒಂದು ಬಟನ್. ಹೊರಗಿನಿಂದ ಎರಡೂ ಒಂದೇ ಥರ. ನಾಬ್ ತಿರುಗಿಸಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಪ್ಯಾಡಲ್ ಒಂದು ಕಡೆ ಹೋಗಿ ತಡೆದು ನಿಲ್ಲುತ್ತದೆ. ಇದು ನಿಲ್ಲುವುದೇ ಇಲ್ಲ, ಒಂದೇ ದಿಕ್ಕಿಗೆ ಎಷ್ಟು ಸುತ್ತು ಬೇಕಾದರೂ ತಿರುಗುತ್ತದೆ.

ಅಟಾರಿ ಕಂಪನಿ 2600 ಯಂತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿದ್ದು 1977ರಲ್ಲಿ. ಜೊತೆಗೆ ಬಂದ ಮೊದಲ ಒಂಬತ್ತು ಆಟಗಳಲ್ಲಿ ಇಂಡಿ 500 ಅನ್ನುವ ಕಾರ್ ರೇಸ್ ಆಟ ಒಂದು. ಆ ಆಟದ ಪೆಟ್ಟಿಗೆಯಲ್ಲೇ ಎರಡು ಡ್ರೈವಿಂಗ್ ಕಂಟ್ರೋಲರ್ ಇರುತ್ತಿದ್ದವು. ಆ ಕಾಲದಲ್ಲಿ ಇದನ್ನು ಬಳಸಿದ ಅಟಾರಿ ಆಟ ಅದೊಂದೇ. ಹಾಗಾಗಿ ಜಾಯ್‌ಸ್ಟಿಕ್, ಪ್ಯಾಡಲ್ ಸಿಕ್ಕಿದಷ್ಟು ಸುಲಭವಾಗಿ ಇದು ಸಿಗುವುದಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ. ಇಬ್ಬರು ಪಕ್ಕ ಪಕ್ಕ ಕೂತು ಆಡಬೇಕಾದ ಆಟಕ್ಕೆ ಒಂದೇ ಕಂಟ್ರೋಲರ್ ಸಾಲದು ಅಲ್ವಾ? ಇನ್ನೊಂದನ್ನು ನಾನೇ ಕಟ್ಟಲು ಕೂತೆ.

ಮೊದಲು ಇದ್ದದ್ದನ್ನು ಬಿಚ್ಚಿದೆ. ಪ್ಯಾಡಲ್ ಒಳಗೆ 1 ಮೆಗಾಓಮ್ ಪೊಟೆನ್ಶಿಯೋಮೀಟರ್ (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಭಾಗ) ಇರುತ್ತದೆ. ಇಲ್ಲಿ ಅದಿಲ್ಲ, ಅದರ ಜಾಗದಲ್ಲಿ ರೋಟರಿ ಎನ್‌ಕೋಡರ್ ಇದೆ. ನಾಬ್ ತಿರುಗಿದಂತೆ ಎರಡು ಸಂಪರ್ಕಗಳು ಗ್ರೌಂಡಿಗೆ ತಾಗುತ್ತವೆ, ಬಿಡುತ್ತವೆ, ಅಷ್ಟೇ. ಮಲ್ಟಿಮೀಟರನ್ನು ಬೀಪ್ ಮೋಡಿಗೆ ಹಾಕಿ ಪ್ಲಗ್ಗಿನ 8ನೇ ಪಿನ್ನಿಗೂ (ಅದು ಗ್ರೌಂಡ್) 1ನೇ ಪಿನ್ನಿಗೂ ಹಿಡಿದೆ. ಒಂದು ಪೂರ್ತಿ ಸುತ್ತಿಗೆ ನಾಲ್ಕು ಬೀಪ್. 2ನೇ ಪಿನ್ನಿನಲ್ಲೂ ನಾಲ್ಕು, ಆದರೆ ಸ್ವಲ್ಪ ಹಿಂದುಮುಂದು. ತಾಗಿದರೆ 0, ಬಿಟ್ಟರೆ 1 ಅಂತ ಎರಡನ್ನೂ ಸೇರಿಸಿ ಬರೆದುಕೊಂಡರೆ 00, 01, 11, 10 ಅನ್ನುವ ಸಾಲು ಸಿಗುತ್ತದೆ. ಅದು ನಾಲ್ಕು ಸಲ ಮರುಕಳಿಸಿ ಒಂದು ಸುತ್ತಿಗೆ 16 ಹೆಜ್ಜೆ ಆಗುತ್ತದೆ.

ಇದಕ್ಕೆ ಗ್ರೇ ಕೋಡ್ ಅನ್ನುತ್ತಾರೆ. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ ಹೆಸರಿನಿಂದ ಬಂದದ್ದು, ಅವರ ಪೇಟೆಂಟ್ 1953ರದ್ದು. ಪ್ರತಿ ಹೆಜ್ಜೆಗೂ ಒಂದೇ ಒಂದು ಬಿಟ್ ಬದಲಾಗುತ್ತದೆ. ಹಿಂದೆ ಏನಿತ್ತು, ಈಗ ಏನಿದೆ ಅಂತ ನೋಡಿದರೆ ನಾಬ್ ಎಡಕ್ಕೆ ಹೋಯಿತೋ ಬಲಕ್ಕೋ ಹೇಳಬಹುದು. ಇಡೀ ಯಂತ್ರದಲ್ಲಿ ಇರುವುದು 128 ಬೈಟ್ ರ‍್ಯಾಮ್. ಪ್ಯಾಡಲ್ ಓದಬೇಕಾದರೆ ಕೆಪಾಸಿಟರ್ ತುಂಬುವ ಹೊತ್ತನ್ನು ಪ್ರೋಗ್ರಾಮ್ ಎಣಿಸುತ್ತಾ ಇರಬೇಕು. ಇಲ್ಲಿ ಎರಡು ಬಿಟ್ ಓದಿದರೆ ಕೆಲಸ ಮುಗಿಯಿತು. ಇಷ್ಟು ಕಡಿಮೆ ಸಾಮಾನಿನಲ್ಲಿ ಕೊನೆಯೇ ಇಲ್ಲದ ಸ್ಟಿಯರಿಂಗ್ ಕೊಟ್ಟವರ ಮೇಲೆ ನನಗೆ ನಿಜಕ್ಕೂ ಗೌರವ.

ಎನ್‌ಕೋಡರ್ ಈಗ ಎಲ್ಲೆಡೆ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಸಿ11 ಮಾದರಿಯದ್ದು ತಂದೆ. ಆಡಿಯೊ ಸಾಮಾನುಗಳಲ್ಲಿ ವಾಲ್ಯೂಮಿಗೆ ಹಾಕುತ್ತಾರಲ್ಲ, ಅದೇ. ಆದರೆ ಇದರಲ್ಲಿ ಒಂದು ಸುತ್ತಿಗೆ 20 ಪಲ್ಸ್, ಪಲ್ಸಿಗೆ ನಾಲ್ಕರಂತೆ 80 ಹೆಜ್ಜೆ. ಬೇಕಾದದ್ದು 16. ಜಾಸ್ತಿ ಇದ್ದರೆ ಇನ್ನೂ ನಿಖರವಾಗುತ್ತದೆ ಅನ್ನಿಸಬಹುದು. ಏನಾಗುತ್ತದೆ ಅಂತ ನೋಡಲು ಸುಮ್ನೆ ನೇರವಾಗಿ ಜೋಡಿಸಿದೆ. ಬೆರಳು ಸ್ವಲ್ಪ ಅಲುಗಿದರೂ ಕಾರು ಗಿರ್ ಅಂತ ತಿರುಗಿತು. ಜೋರಾಗಿ ತಿರುಗಿಸಿದರೆ ಒಮ್ಮೊಮ್ಮೆ ಉಲ್ಟಾ ದಿಕ್ಕಿಗೇ ಹೊರಳಿತು.

ಕಾರಣ ಇಷ್ಟೆ. ಅಮೆರಿಕದ ಮಾದರಿಯ ಯಂತ್ರ ಸೆಕೆಂಡಿಗೆ 60 ಚಿತ್ರ ಬಿಡಿಸುತ್ತದೆ. ಆಟ ಚಿತ್ರಕ್ಕೊಮ್ಮೆ ನಾಬ್ ನೋಡುತ್ತದೆ ಅಂದುಕೊಳ್ಳಿ. ಎರಡು ನೋಟಗಳ ನಡುವೆ ಒಂದು ಹೆಜ್ಜೆ ದಾಟಿದ್ದರೆ ದಿಕ್ಕು ಸರಿಯಾಗಿ ಗೊತ್ತಾಗುತ್ತದೆ. ಎರಡು ಹೆಜ್ಜೆ ದಾಟಿದರೆ ಯಾವ ಕಡೆ ಹೋಯಿತೋ ತಿಳಿಯದು. ಮೂರು ದಾಟಿದರೆ ಹಿಂದಕ್ಕೆ ಒಂದು ಬಂದಂತೆ ಕಾಣುತ್ತದೆ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಇದೂ ಅದೇ. 16 ಹೆಜ್ಜೆಯಾದರೆ ಸೆಕೆಂಡಿಗೆ 3.75 ಸುತ್ತಿನವರೆಗೆ ತೊಂದರೆಯಿಲ್ಲ, ಕೈ ಅಷ್ಟು ವೇಗವಾಗಿ ಹೋಗುವುದು ಕಷ್ಟ. 80 ಹೆಜ್ಜೆಯಾದರೆ ಮುಕ್ಕಾಲು ಸುತ್ತಿಗೇ ಮಿತಿ ಮುಟ್ಟುತ್ತದೆ. 16 ಅನ್ನುವುದು ಬಡತನದ ಲೆಕ್ಕವಲ್ಲ, ಕೈಯ ವೇಗಕ್ಕೂ ಯಂತ್ರದ ವೇಗಕ್ಕೂ ಹೊಂದಿಸಿದ ಲೆಕ್ಕ. ಅದನ್ನು ಹಾಗೇ ಉಳಿಸಿಕೊಳ್ಳಲೇಬೇಕು.

ಅದೃಷ್ಟಕ್ಕೆ 80ನ್ನು 5ರಿಂದ ಭಾಗಿಸಿದರೆ ಸರಿಯಾಗಿ 16. ನಡುವೆ ಒಂದು ಎಟಿಟೈನಿ85 ಚಿಪ್ (ನಾವೇ ಪ್ರೋಗ್ರಾಮ್ ಬರೆದು ತುಂಬಬಹುದಾದ ಪುಟ್ಟ ಚಿಪ್) ಹಾಕಿದೆ. ಎನ್‌ಕೋಡರ್ ಐದು ಹೆಜ್ಜೆ ಹೋದರೆ ಚಿಪ್ ಆಟಕ್ಕೆ ಒಂದು ಹೆಜ್ಜೆ ತೋರಿಸುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಎಣಿಕೆಯನ್ನು ನೇರವಾಗಿ 5ರಿಂದ ಭಾಗಿಸಿದರೆ ಗಡಿಯ ಮೇಲೆ ನಿಂತಾಗ ಕೈ ನಡುಗಿದರೂ ಕಾರು ಅತ್ತಿತ್ತ ಅಲ್ಲಾಡುತ್ತದೆ. ಅದಕ್ಕೆ ಪ್ರತಿ ಹೆಜ್ಜೆ ತೋರಿಸಿದ ಮೇಲೆ ಎಣಿಕೆಯನ್ನು ಸೊನ್ನೆಗೆ ತಂದೆ. ಮುಂದಕ್ಕೂ ಐದು ಬೇಕು, ಹಿಂದಕ್ಕೂ ಐದು ಬೇಕು. ದಿಕ್ಕು ಬದಲಿಸುವಾಗ ಸ್ವಲ್ಪ ಸಡಿಲ ಅನ್ನಿಸುತ್ತದೆ, ಆದರೆ ಕಾರು ಸ್ಥಿರವಾಗಿರುತ್ತದೆ. ನನಗೆ ಸ್ಥಿರತೆಯೇ ಮುಖ್ಯ.

ಚಿಪ್ಪಿನ ಔಟ್‌ಪುಟ್ಟನ್ನು ಯಾವತ್ತೂ 5 ವೋಲ್ಟಿಗೆ ಏರಿಸಬೇಡಿ. ಮೂಲ ಕಂಟ್ರೋಲರ್ ಬರೀ ಸ್ವಿಚ್: ಗ್ರೌಂಡಿಗೆ ಎಳೆಯುತ್ತದೆ, ಇಲ್ಲವೇ ಬಿಟ್ಟುಬಿಡುತ್ತದೆ. ಬಿಟ್ಟಾಗ ತಂತಿಯನ್ನು 5 ವೋಲ್ಟಿನ ಕಡೆಗೆ ಮೇಲೆ ಎಳೆಯುವ ಕೆಲಸ ಯಂತ್ರದ ಒಳಗಿನ 6532 ಚಿಪ್ ಮಾಡುತ್ತದೆ. ಕೆಲವು ಪ್ರೋಗ್ರಾಮ್‌ಗಳು ಅದೇ ಪಿನ್ನುಗಳನ್ನು ಔಟ್‌ಪುಟ್ ಆಗಿ ಬಳಸುತ್ತವೆ. ಆಗ ಎರಡು ಚಿಪ್ಪುಗಳು ಒಂದೇ ತಂತಿಯ ಮೇಲೆ ಗುದ್ದಾಡಿದರೆ ಹಳೆಯ ಚಿಪ್ ಹಾಳಾಗಬಹುದು. ಹಾಗಾಗಿ ನನ್ನ ಪ್ರೋಗ್ರಾಮಿನಲ್ಲಿ ಪಿನ್ ಒಂದೋ ಸೊನ್ನೆ (ಗ್ರೌಂಡಿಗೆ ಎಳೆದದ್ದು), ಇಲ್ಲವೇ ಇನ್‌ಪುಟ್ (ಬಿಟ್ಟುಬಿಟ್ಟದ್ದು). ಬಟನ್ ಚಿಪ್ಪಿಗೆ ಹೋಗುವುದೇ ಇಲ್ಲ, 6 ಮತ್ತು 8ನೇ ಪಿನ್ ನಡುವೆ ನೇರವಾಗಿ ಕೂತಿದೆ.

ಕೈಗೆ ಸಿಗುವ ಅನುಭವಕ್ಕೆ ಇನ್ನೊಂದು ಕೆಲಸ ಬೇಕಾಯಿತು. ಇಸಿ11 ತಿರುಗುವಾಗ ಟಿಕ್ ಟಿಕ್ ಅನ್ನುತ್ತದೆ. ಮೂಲದ್ದು ನುಣ್ಣಗೆ ತಿರುಗುತ್ತದೆ. ಎನ್‌ಕೋಡರಿನ ತಗಡಿನ ಕಿವಿಗಳನ್ನು ಮೆಲ್ಲಗೆ ಎತ್ತಿ, ಒಳಗಿನ ಸಣ್ಣ ಸ್ಪ್ರಿಂಗ್ ತೆಗೆದು, ದಪ್ಪ ಗ್ರೀಸ್ ಚೂರು ಹಚ್ಚಿ ಮುಚ್ಚಿದೆ. ಡಬ್ಬಿ, ನಾಬ್ ಎರಡನ್ನೂ ಅಳತೆ ತೆಗೆದು 3ಡಿ ಪ್ರಿಂಟ್ ಮಾಡಿದೆ. ಪ್ರಿಂಟ್ ಮಾಡಿದ ನಾಬ್ ತೀರಾ ಹಗುರ. ಒಳಗೆ ಒಂದು ಉಕ್ಕಿನ ವಾಷರ್ ಇಟ್ಟ ಮೇಲೆ ತೂಕ ಸರಿಹೋಯಿತು.

ಪರೀಕ್ಷೆಗೆ ಇಂಡಿ 500ರ ಐಸ್ ರೇಸನ್ನೇ ಆರಿಸಿಕೊಂಡೆ. ಅಲ್ಲಿ ಕಾರು ಜಾರುತ್ತದೆ, ಮೊದಲೇ ತಿರುಗಿಸಿ ಮತ್ತೆ ಸರಿಪಡಿಸಿಕೊಳ್ಳಬೇಕು. ಕಂಟ್ರೋಲರಿನ ದೋಷ ಅಲ್ಲಿ ಬೇಗ ಕಾಣುತ್ತದೆ. ಹಳೆಯದು ಒಬ್ಬರಿಗೆ, ಹೊಸದು ಒಬ್ಬರಿಗೆ ಕೊಟ್ಟು, ಅರ್ಧ ಆಟದಲ್ಲಿ ಅದಲು ಬದಲು ಮಾಡಿದೆವು. ಕಾರಿನ ನಡತೆ ಎರಡರಲ್ಲೂ ಒಂದೇ. ಹೊಸದನ್ನು ಹಿಡಿದವರು ಎಡಬಲದ ಸಣ್ಣ ಸಡಿಲವನ್ನು ಮಾತ್ರ ಗುರುತಿಸಿದರು.

ನೀವೂ ಕಟ್ಟುವುದಾದರೆ ಕೇಬಲ್ ಕಡೆ ಗಮನ ಕೊಡಿ. ಹಳೆಯ ಅಟಾರಿ ಜಾಯ್‌ಸ್ಟಿಕ್ಕಿನ ಕೇಬಲ್ಲಿನಲ್ಲಿ ಆರೇ ತಂತಿ, 5 ವೋಲ್ಟ್ ಬರುವ 7ನೇ ಪಿನ್ನಿಗೆ ತಂತಿಯೇ ಇಲ್ಲ. ಅದಿಲ್ಲದೆ ಚಿಪ್ ಓಡುವುದಿಲ್ಲ. ಬೆಸುಗೆ ಹಾಕುವ ಸಾಮಾನ್ಯ ಒಂಬತ್ತು ಪಿನ್ ಪ್ಲಗ್ಗಿನ ಹೊರಕವಚ ಅಟಾರಿಯ ಕುಳಿಯೊಳಗೆ ಹೋಗುವುದಿಲ್ಲ. ಸೆಗಾ ಮೆಗಾ ಡ್ರೈವ್‌ ಅನ್ನುವ ಇನ್ನೊಂದು ಹಳೆಯ ಗೇಮ್ ಯಂತ್ರಕ್ಕೆ ಅಂತ ಮಾರುವ ಎಕ್ಸ್‌ಟೆನ್ಶನ್ ಕೇಬಲ್ ಕತ್ತರಿಸಿ ಬಳಸಿ. ತಂತಿಗಳ ಬಣ್ಣ ನಂಬಬೇಡಿ, ಒಂಬತ್ತನ್ನೂ ಮಲ್ಟಿಮೀಟರಿನಲ್ಲಿ ನೋಡಿಯೇ ಬೆಸುಗೆ ಹಾಕಿ. ಕಾರು ಉಲ್ಟಾ ತಿರುಗಿದರೆ 1 ಮತ್ತು 2ನೇ ಪಿನ್ನಿನ ತಂತಿ ಅದಲು ಬದಲು ಮಾಡಿದರೆ ಸಾಕು.